ಬಾವಲಿಗೆ ನಿದ್ದೆ ಅಗ್ಗ, ಎಚ್ಚರ ದುಬಾರಿ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜನವರಿ ಅಂದ್ರೆ ಎಲ್ಲೆಲ್ಲೂ ಹಿಮ. ಒಂದು ಹುಳವೂ ಹಾರುವುದಿಲ್ಲ. ಹುಳ ತಿಂದೇ ಬದುಕುವ ಅಲ್ಲಿನ ಸಣ್ಣ ಕಂದು ಬಾವಲಿ ಆಗ ಏನು ಮಾಡಬೇಕು? ಯಾವುದಾದರೂ ಗುಹೆಯನ್ನೋ ಪಾಳುಬಿದ್ದ ಗಣಿಯನ್ನೋ ಸೇರಿ, ತಲೆಕೆಳಗಾಗಿ ನೇತುಬಿದ್ದು, ಆರು ತಿಂಗಳು ಏನೂ ತಿನ್ನದೆ ಕಳೆಯುತ್ತದೆ.

ಇದರ ತೂಕ ನಮ್ಮ ಹತ್ತು ರೂಪಾಯಿ ನಾಣ್ಯದಷ್ಟು, ಏಳೆಂಟು ಗ್ರಾಂ. ಚಳಿ ಶುರುವಾಗುವ ಮುಂಚೆ ಗಡದ್ದಾಗಿ ತಿಂದು ಸುಮಾರು 2 ಗ್ರಾಂ ಕೊಬ್ಬು ಕೂಡಿಸಿಕೊಳ್ಳುತ್ತದೆ. ಅಷ್ಟರಲ್ಲೇ ಏಪ್ರಿಲ್‌ವರೆಗೆ ದಿನ ದೂಡಬೇಕು. ಮೈ ಚಿಕ್ಕದಾದಷ್ಟೂ ಶಾಖ ಬೇಗ ಹೋಗಿಬಿಡುತ್ತದೆ, ಸಾಲದ್ದಕ್ಕೆ ಬರಿ ತೊಗಲಿನ ಅಗಲವಾದ ರೆಕ್ಕೆಗಳು ಬೇರೆ. ನಮ್ಮ ಹಾಗೆ ಮೈಯನ್ನು 37 ಡಿಗ್ರಿಯಲ್ಲೇ ಇಟ್ಟುಕೊಂಡು ಕೂತರೆ ಆ 2 ಗ್ರಾಂ ಕೆಲವೇ ದಿನದಲ್ಲಿ ಖಾಲಿ.

ಹಾಗಾಗಿ ಅದು ಮೈ ಬಿಸಿ ಇಟ್ಟುಕೊಳ್ಳುವ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಗುಹೆಯೊಳಗೆ 5 ಡಿಗ್ರಿ ಇದ್ದರೆ ಬಾವಲಿಯ ಮೈಯೂ ಹೆಚ್ಚುಕಮ್ಮಿ 6 ಡಿಗ್ರಿಗೆ ಇಳಿಯುತ್ತದೆ. ಹಾರುವಾಗ ನಿಮಿಷಕ್ಕೆ ಸಾವಿರ ಸಲ ಬಡಿಯುತ್ತಿದ್ದ ಹೃದಯ ಈಗ ಹತ್ತಿಪ್ಪತ್ತು ಸಲ ಬಡಿದರೆ ಹೆಚ್ಚು. ಉಸಿರಾಟವೂ ನಡುನಡುವೆ ಹತ್ತಾರು ನಿಮಿಷ ನಿಂತುಹೋಗುತ್ತದೆ. ಗುಹೆಯ ತೇವ ರೋಮದ ಮೇಲೆ ಹನಿಗಟ್ಟಿ, ಟಾರ್ಚ್ ಬೆಳಕಿಗೆ ಮೈಯೆಲ್ಲ ಮಿನುಗುತ್ತದೆ. ಮುಟ್ಟಿದರೆ ಸತ್ತೇಹೋಗಿದೆ ಅನ್ನಿಸುವಷ್ಟು ತಣ್ಣಗೆ. ಆದರೂ ಕೆಳಗೆ ಬೀಳುವುದಿಲ್ಲ. ಮೈಭಾರವೇ ಕಾಲ್ಬೆರಳುಗಳನ್ನು ಎಳೆದು ಬಿಗಿಯಾಗಿ ಮಡಿಸಿಟ್ಟಿರುತ್ತದೆ. ನೇತಾಡಲು ಶಕ್ತಿ ಬೇಕಿಲ್ಲ, ಹಿಡಿತ ಬಿಡಿಸಿಕೊಳ್ಳಲು ಬೇಕು!

ಹೀಗೆ ಮೈ ತಣ್ಣಗೆ ಮಾಡಿಕೊಂಡು ನಿಶ್ಚಲವಾಗಿರುವುದಕ್ಕೆ ವಿಜ್ಞಾನಿಗಳು ಟಾರ್ಪರ್ ಎನ್ನುತ್ತಾರೆ. ಇದು ಚಳಿಗಾಲಕ್ಕಷ್ಟೇ ಮೀಸಲಲ್ಲ. ಬೇಸಿಗೆಯಲ್ಲೂ ಗಂಡು ಬಾವಲಿಗಳು ಹಗಲು ಕೆಲವು ಗಂಟೆ ಹೀಗೆ ಮೈ ತಣ್ಣಗೆ ಮಾಡಿಕೊಂಡು ಖರ್ಚು ಉಳಿಸುತ್ತವೆ. ಬಸುರಿ ಹೆಣ್ಣುಗಳು ಮಾತ್ರ ಆದಷ್ಟು ತಪ್ಪಿಸುತ್ತವೆ. ತಾಯಿಯ ಮೈ ತಣ್ಣಗಾದರೆ ಹೊಟ್ಟೆಯೊಳಗಿನ ಮರಿ ಬೆಳೆಯುವುದೂ ನಿಧಾನ ಆಗುತ್ತದಲ್ಲ. ಮರಿ ತಡವಾಗಿ ಹುಟ್ಟಿದರೆ ಚಳಿಗೆ ಮುಂಚೆ ಕೊಬ್ಬು ಕೂಡಿಸಲು ಅದಕ್ಕೆ ಪುರುಸೊತ್ತೇ ಸಿಗದು. ಅದಕ್ಕೇ ಹೆಣ್ಣುಗಳೆಲ್ಲ ಮನೆಗಳ ಬೆಚ್ಚಗಿನ ಅಟ್ಟ ಹುಡುಕಿ ಒತ್ತೊತ್ತಾಗಿ ಕೂರುತ್ತವೆ. ಇನ್ನೊಂದು ವಿಚಿತ್ರ ಕೇಳಿ: ಇವು ಜೊತೆಗೂಡುವುದು ಚಳಿಗಾಲಕ್ಕೆ ಮುಂಚೆ. ಹೆಣ್ಣು ವೀರ್ಯವನ್ನು ಗರ್ಭಕೋಶದಲ್ಲಿ ಹಾಗೇ ಕಾಪಿಟ್ಟುಕೊಂಡು, ವಸಂತದಲ್ಲಿ ಎದ್ದ ಮೇಲೆ ಬಸುರಾಗುತ್ತದೆ.

ಇಂಥ ಟಾರ್ಪರ್‌ಗಳ ಉದ್ದನೆಯ ಸರಣಿಯೇ ಹೈಬರ್ನೇಷನ್. ಸರಣಿ ಅಂದದ್ದು ಸುಮ್ನೆ ಅಲ್ಲ. ಬಾವಲಿ ಆರು ತಿಂಗಳು ಒಂದೇ ಸಮ ಬಿದ್ದಿರುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ ಏಳುತ್ತದೆ. ಏಳುವುದೇ ಒಂದು ದೊಡ್ಡ ಕೆಲಸ. ಹೆಗಲಮೂಳೆಗಳ ನಡುವೆ ಕಂದು ಬಣ್ಣದ ಕೊಬ್ಬಿನ ಗಂಟೊಂದಿದೆ. ಶಾಖ ಕೊಡುವುದೇ ಅದರ ಕೆಲಸ. ಮೊದಲು ಅದು ಉರಿದು ಎದೆಯ ಭಾಗ ಬಿಸಿಯಾಗುತ್ತದೆ. ಆಮೇಲೆ ಸ್ನಾಯುಗಳು ಗಡಗಡ ನಡುಗಿ ಉಳಿದ ಮೈಯನ್ನು ಬಿಸಿ ಮಾಡುತ್ತವೆ. ಕಮ್ಮಿ ಅಂದರೂ ಅರ್ಧ ಗಂಟೆ ಬೇಕು. ನೀರು ಕುಡಿದು, ಉಚ್ಚೆ ಹೊಯ್ದು, ಕೆಲವೊಮ್ಮೆ ಜಾಗ ಬದಲಿಸಿ, ಒಂದೆರಡು ಗಂಟೆಯಲ್ಲಿ ಮತ್ತೆ ತಣ್ಣಗಾಗುತ್ತದೆ.

ಈ ಎಚ್ಚರಕ್ಕೆ ಎಷ್ಟು ಖರ್ಚು? ಕೆನಡಾದ ಸಂಶೋಧಕರು 1990ರಲ್ಲಿ ಲೆಕ್ಕ ಹಾಕಿದ್ದರು. ಒಂದು ಸಲ ಏಳಲು ಸುಮಾರು 100 ಮಿಲಿಗ್ರಾಂ ಕೊಬ್ಬು. ಅಷ್ಟೇ ಕೊಬ್ಬಿನಲ್ಲಿ ಟಾರ್ಪರ್‌ನಲ್ಲಿರುವ ಬಾವಲಿ ಎರಡು ತಿಂಗಳು ಬದುಕಬಲ್ಲದು! ಇಡೀ ಚಳಿಗಾಲದ ಕೊಬ್ಬಿನಲ್ಲಿ ಮುಕ್ಕಾಲು ಪಾಲು ಹೋಗುವುದು ಈ ಕೆಲವೇ ಗಂಟೆಗಳ ಎಚ್ಚರಗಳಿಗೇ. ಗುಹೆ ನೋಡಲು ಹೋದವರ ಮಾತಿಗೂ ಬೆಳಕಿಗೂ ಅವು ಎದ್ದುಬಿಡುತ್ತವೆ. ಅದಕ್ಕೇ ಅಲ್ಲಿ ಎಷ್ಟೋ ಗುಹೆಗಳ ಬಾಯಿಗೆ ಕಬ್ಬಿಣದ ಸರಳು ಹಾಕಿದ್ದಾರೆ.

ಆದರೆ 2006ರಲ್ಲಿ ಬಂದದ್ದು ಸರಳುಗಳಿಂದ ನಿಲ್ಲುವಂಥದ್ದಲ್ಲ. ಆ ಫೆಬ್ರವರಿಯಲ್ಲಿ ಆಲ್ಬನಿ ಊರಿನ ಹತ್ತಿರದ ಗುಹೆಯೊಂದರಲ್ಲಿ ತೆಗೆದ ಫೋಟೋದಲ್ಲಿ ಬಾವಲಿಗಳ ಮೂತಿ ಮೇಲೆ ಬಿಳಿ ಪುಡಿ ಕಂಡಿತು. ಅದೊಂದು ಬೂಷ್ಟು. ಯುರೋಪಿನಿಂದ ಬಂದದ್ದು. ಅಲ್ಲಿನ ಬಾವಲಿಗಳ ಮೇಲೂ ಬೆಳೆಯುತ್ತದೆ, ಆದರೆ ಅವು ಗುಂಪುಗುಂಪಾಗಿ ಸಾಯುವುದಿಲ್ಲ. ಈ ಬೂಷ್ಟಿಗೆ ಚಳಿಯೇ ಇಷ್ಟ, 20 ಡಿಗ್ರಿ ದಾಟಿದರೆ ಬೆಳೆಯದು. ಟಾರ್ಪರ್‌ನಲ್ಲಿ ಬಾವಲಿಯ ಮೈ ತಣ್ಣಗಿರುತ್ತದೆ, ರೋಗದ ಜೊತೆ ಹೋರಾಡುವ ಶಕ್ತಿಯೂ ಮಲಗಿರುತ್ತದೆ. ಉಳಿತಾಯದ ಉಪಾಯವೇ ಕಳ್ಳನಿಗೆ ಬಾಗಿಲು ತೆರೆದಂತಾಯಿತು, ಅಲ್ವಾ? ಬೂಷ್ಟು ರೆಕ್ಕೆಯ ತೊಗಲನ್ನು ಕೊರೆಯುತ್ತದೆ. ಮೈಯ ನೀರು, ಉಪ್ಪು ಏರುಪೇರಾಗಿ ಬಾವಲಿ ಮತ್ತೆ ಮತ್ತೆ ಏಳುತ್ತದೆ. ಚಳಿಗಾಲ ಮುಗಿಯುವ ಮೊದಲೇ ಕೊಬ್ಬು ಮುಗಿಯುತ್ತದೆ. ಹಸಿದ ಬಾವಲಿಗಳು ಹಾಡಹಗಲೇ ಹಿಮದಲ್ಲಿ ಹುಳ ಹುಡುಕುತ್ತಾ ಹೊರಬಂದು ಸಾಯುತ್ತವೆ. ಹೀಗೆ ಸತ್ತವು ಲಕ್ಷಾಂತರ. ಕೆಲವು ಜಾತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ.

ಈ ರೋಗ ಬಂದ ಮೇಲೂ ಕೆಲವು ಗುಂಪುಗಳು ಉಳಿದುಕೊಂಡಿವೆ. ಅವುಗಳನ್ನು ಹಿಡಿದು ತೂಗಿದಾಗ, ಚಳಿಗಾಲದ ಆರಂಭದಲ್ಲಿ ಮೈಯಲ್ಲಿ ಮೊದಲಿಗಿಂತ ಹೆಚ್ಚು ಕೊಬ್ಬಿತ್ತು. ಈ ಸುಳಿವು ಹಿಡಿದು ಮಿಷಿಗನ್ ರಾಜ್ಯದಲ್ಲಿ ಒಂದು ಪ್ರಯೋಗ ಶುರುವಾಗಿದೆ. ಬಾವಲಿಗಳು ಮಲಗುವ ಜಾಗಗಳ ಹತ್ತಿರ ರಾತ್ರಿ ನೇರಳಾತೀತ ದೀಪ ಹಚ್ಚಿಡುತ್ತಾರೆ. ದೀಪಕ್ಕೆ ಹುಳಗಳು ಮುತ್ತುತ್ತವೆ, ಬಾವಲಿಗಳು ಹಾರಾಡುತ್ತಲೇ ಹಿಡಿದು ತಿನ್ನುತ್ತವೆ. ಒಂದು ಬಾವಲಿ 100 ಮಿಲಿಗ್ರಾಂ ಕೊಬ್ಬು ಜಾಸ್ತಿ ಕಟ್ಟಿಕೊಂಡರೂ ಇನ್ನೊಂದು ಸಲ ಏಳುವ ಖರ್ಚು ಗಿಟ್ಟಿದ ಹಾಗೆ.