ಬೊಜ್ಜು ಅಂದರೆ ದಪ್ಪ ಅಲ್ಲ

ಮೊನ್ನೆ ದಾವಣಗೆರೆಯಲ್ಲಿ ಒಂದು ಆರೋಗ್ಯ ಶಿಬಿರದ ಫ್ಲೆಕ್ಸ್ ನೋಡಿದೆ. 'ಬೊಜ್ಜು: ಉಳ್ಳವರ ಕಾಯಿಲೆ' ಅಂತ ಬರೆದಿತ್ತು, ಪಕ್ಕದಲ್ಲಿ ಸೋಫಾ ಮೇಲೆ ಕೂತ ಒಬ್ಬ ದಢೂತಿ ಮನುಷ್ಯನ ಚಿತ್ರ. ಅದರ ಕೆಳಗೇ ಆಟೋ ನಿಲ್ಲಿಸಿಕೊಂಡು ಒಬ್ಬರು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಅಂಗಿಯ ಗುಂಡಿ ಎಳೆಯುತ್ತಿತ್ತು. ಬೊಜ್ಜು ಇದ್ದದ್ದು ಫ್ಲೆಕ್ಸಿನಲ್ಲಲ್ಲ, ಅದರ ಕೆಳಗೆ.

ಈ ಪದವನ್ನು ಹೀಗೆ ಎಳೆದಾಡುವುದನ್ನು ನೋಡಿ ನೋಡಿ ಸಾಕಾಗಿದೆ. ತೆಲುಗಿನಲ್ಲಿ ಬೊಜ್ಜ ಅಂದರೆ ಡೊಳ್ಳು ಹೊಟ್ಟೆ. ನಮ್ಮ ಬೊಜ್ಜೂ ಅದೇ ಮನೆತನದ್ದು. 'ಬೊಜ್ಜು ಬಂದಿದೆ' ಅನ್ನುವವರ ಕೈ ತಾನಾಗಿಯೇ ಹೊಟ್ಟೆ ಮೇಲೆ ಹೋಗುತ್ತದೆ, ತೋಳಿಗೆ ಬೊಜ್ಜು ಬಂತು ಅಂತ ಯಾರೂ ಹೇಳುವುದಿಲ್ಲ. ದಪ್ಪ ಬೇರೆ. ಗೋಡೆಯೂ ದಪ್ಪ, ರೊಟ್ಟಿಯೂ ದಪ್ಪ. ಇನ್ನು ಕೊಬ್ಬು ಇದೆಯಲ್ಲ, ಅದು ಮೈಯಲ್ಲಿರುವ ವಸ್ತುವೂ ಹೌದು, 'ಅವನಿಗೆ ಕೊಬ್ಬು ಜಾಸ್ತಿ' ಅಂದಾಗ ಸೊಕ್ಕೂ ಹೌದು. ಉಂಡು ತೇಗಿದವನಿಗೇ ಸೊಕ್ಕು ಅನ್ನುವ ಕಾಲದ ಮಾತು ಅದು. ಈಗ ಒಬೆಸಿಟಿಗೆ ಒಂದು ಪದ ಬೇಕಾದಾಗ ಸ್ಥೂಲಕಾಯ ಬಾಯಿಗೆ ಭಾರವಾಯಿತು, ಬೊಜ್ಜು ಸುಲಭವಾಗಿ ಸಿಕ್ಕಿತು, ಸಿಕ್ಕಿದ್ದೇ ತಡ ಕೊಬ್ಬಿನ ಸೊಕ್ಕನ್ನೂ ಅದರ ತಲೆಗೆ ಕಟ್ಟಿಬಿಟ್ಟರು.

ಪದ ಸರಿಯಾಗಿ ಗೊತ್ತಿರುವುದು ನಮ್ಮ ಟೈಲರಿಗೆ. ಟೇಪು ಹಿಡಿದು 'ಹೊಟ್ಟೆ ಮೇಲೆ ಹಾಕ್ತೀರಾ ಅಣ್ಣಾ, ಕೆಳಗಾ?' ಅಂತ ಕೇಳುತ್ತಾರೆ. ಕೆಳಗೆ ಹಾಕಿದರೆ 34, ಮೇಲೆ ಹಾಕಿದರೆ 37. ನಾನು 34 ಅಂತ ಖುಷಿಯಾಗಿದ್ದೆ. ಆದರೆ ಡಾಕ್ಟರುಗಳು ಅಳೆಯುವುದು ಪ್ಯಾಂಟ್ ನಿಲ್ಲುವ ಜಾಗದಲ್ಲಲ್ಲ, ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ. ಅಲ್ಲಿ ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. 90 ಅಂದರೆ ಮೂವತ್ತೈದೂವರೆ ಇಂಚು, ಲೆಕ್ಕ ನೀವೇ ಹಾಕಿ.

ತೂಕದ ಯಂತ್ರ ಇದನ್ನು ಹೇಳುವುದಿಲ್ಲ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಫೋಟೋ ಛಾಪಿಸಿ ತೋರಿಸಿದರು. ಎತ್ತರಕ್ಕೆ ತೂಕ ತಾಳೆ ಹಾಕುವ ಲೆಕ್ಕವಾದ ಬಿಎಂಐ ಇಬ್ಬರದೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ 21.2. ಇದು ತಾಯಿಯ ಹೊಟ್ಟೆಯಲ್ಲಿರುವಾಗಲೇ ಶುರುವಾಗುತ್ತದೆ ಅನ್ನುವುದು ಯಾಜ್ಞಿಕ್ ಅವರ ವಾದ. ಪುಣೆ ಕಡೆಯ ಹಳ್ಳಿಯ ಮಗು ಸರಾಸರಿ 2.7 ಕಿಲೋ ಹುಟ್ಟಿದರೆ ಇಂಗ್ಲೆಂಡಿನದು 3.5. ನಮ್ಮ ಮಗುವಿನಲ್ಲಿ ಸೊರಗುವುದು ಮಾಂಸಖಂಡ, ಕೊಬ್ಬು ಅಷ್ಟಾಗಿ ಕಡಿಮೆಯಾಗುವುದಿಲ್ಲ. ತಾಯಿಯ ಅರೆಹೊಟ್ಟೆ ಮಗನ ಬೊಜ್ಜಾಗುತ್ತದೆ. ಇದು ಉಳ್ಳವರ ಕಾಯಿಲೆಯಾ?

ಹಾಗಂತ ಫ್ಲೆಕ್ಸಿನ ಮಾತು ಪೂರ್ತಿ ಸುಳ್ಳೂ ಅಲ್ಲ, ಹಳೆಯದು ಅಷ್ಟೇ. ಅಮೆರಿಕದ ಸಂಶೋಧಕರಾದ ಸೋಬಲ್ ಮತ್ತು ಸ್ಟಂಕಾರ್ಡ್ 1989ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ ಬಡ ದೇಶಗಳಲ್ಲಿ ಉಳ್ಳವರು ದಪ್ಪ, ಶ್ರೀಮಂತ ದೇಶಗಳಲ್ಲಿ ಬಡ ಹೆಂಗಸರು ದಪ್ಪ ಅಂತ ಕಂಡಿತ್ತು. ನಾವೀಗ ಈ ಎರಡರ ನಡುವೆ ಸಿಕ್ಕಿಕೊಂಡಿದ್ದೇವೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ನೂರು ಜನರಲ್ಲಿ ಸುಮಾರು 30 ಜನರ ತೂಕ ಜಾಸ್ತಿ, ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ಕುಳ್ಳಾಗಿ ಉಳಿದಿದ್ದರು. ಹೊಸದುರ್ಗದ ಕಡೆ ನವಣೆ, ಸಾವೆ ಬೆಳೆದ ಎಷ್ಟೋ ಮನೆಯವರು ಅದನ್ನು ಮಾರಿ ರೇಷನ್ ಅಕ್ಕಿ ಉಣ್ಣುತ್ತಾರೆ. ಬೇಳೆ, ಹಣ್ಣು ದುಡ್ಡು ಕೇಳುತ್ತವೆ. ಅನ್ನ ಮತ್ತು ಎಣ್ಣೆಯಲ್ಲಿ ಕರಿದದ್ದು ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಿಸುತ್ತವೆ.

ಇದರ ಮೇಲೆ ನಮ್ಮ ಪ್ರೀತಿ ಬೇರೆ. 'ಮೈಕೈ ತುಂಬಿಕೊಂಡಿದ್ದಾಳೆ' ಅನ್ನುವುದು ಹೊಗಳಿಕೆ, ಬರಗಾಲ ಕಂಡ ಸೀಮೆಯಲ್ಲಿ ಅದು ಸಹಜವೂ ಹೌದು. ಹೋದ ವಾರ ಪ್ಯಾಂಟ್ ಸಡಿಲ ಮಾಡಿಸಿಕೊಂಡು ಚಳ್ಳಕೆರೆಗೆ ಹೋದೆ. ಬಾಗಿಲಲ್ಲೇ ದೊಡ್ಡವ್ವ, 'ಏನೋ, ಇಷ್ಟು ಸೊರಗಿದ್ದೀಯ?' ಅಂದು ಇನ್ನೊಂದು ಹೋಳಿಗೆ ಹಾಕಿದಳು.