ಗನ್ ಸರಿಯಿತ್ತು, ಡಬ್ಬಿ ಕೈಕೊಟ್ಟಿತು

ಸಿನಿಮಾದಲ್ಲಿ ಹೀರೋ ಕೈಗೆ ಗನ್ ಬಂತು ಅಂದರೆ ಐದು ನಿಮಿಷವಾದರೂ ಗುಂಡು ಮುಗಿಯುವುದಿಲ್ಲ. ಸುಮ್ನೆ ಒಂದು ಲೆಕ್ಕ ಹಾಕಿ. ಎರಡನೇ ಮಹಾಯುದ್ಧದ ರಷ್ಯನ್ ಸಬ್‌ಮಷಿನ್ ಗನ್ (ಕುದುರೆ ಒತ್ತಿ ಹಿಡಿದರೆ ಗುಂಡು ಸುರಿಸುತ್ತಲೇ ಇರುವ ಪುಟ್ಟ ಗನ್) ಪಿಪಿಎಸ್‌ಎಚ್-41 ಹೊಡೆಯುತ್ತಿದ್ದ ವೇಗ ನಿಮಿಷಕ್ಕೆ ಸುಮಾರು 900 ಗುಂಡು, ಅಂದರೆ ಸೆಕೆಂಡಿಗೆ 15. 35 ಗುಂಡಿನ ಮ್ಯಾಗಜೀನ್, ಅಂದರೆ ಗುಂಡು ತುಂಬುವ ಡಬ್ಬಿ, ಖಾಲಿಯಾಗಲು ಎರಡೂವರೆ ಸೆಕೆಂಡೂ ಬೇಡ! 71 ಗುಂಡಿನ ದುಂಡನೆಯ ಡ್ರಮ್ ಹಾಕಿದರೂ ಐದು ಸೆಕೆಂಡಿನೊಳಗೆ ಕಥೆ ಮುಗಿಯಿತು.

ಸಬ್‌ಮಷಿನ್ ಗನ್ ಒಳಗೆ ದೊಡ್ಡ ಗುಟ್ಟೇನೂ ಇಲ್ಲ. ಪಿಸ್ತೂಲಿನ ಗುಂಡು, ಅದನ್ನು ನಳಿಗೆಯೊಳಕ್ಕೆ ತಳ್ಳುವ ಒಂದು ಭಾರದ ಬೋಲ್ಟ್, ಒಂದು ಸ್ಪ್ರಿಂಗ್. ಕಷ್ಟ ಇದ್ದದ್ದು ಕೆಳಗೋ ಪಕ್ಕಕ್ಕೋ ಸಿಕ್ಕಿಸುವ ತಗಡಿನ ಡಬ್ಬಿಯಲ್ಲಿ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಅದೇ ಸಿಟ್ಟು.

1918ರಲ್ಲಿ ಜರ್ಮನಿಯ ಹ್ಯೂಗೋ ಶ್ಮೈಸರ್ ಮಾಡಿದ ಎಂಪಿ-18ಕ್ಕೆ ಲ್ಯೂಗರ್ ಪಿಸ್ತೂಲಿನ 32 ಗುಂಡಿನ ಡ್ರಮ್ಮನ್ನೇ ಸಿಕ್ಕಿಸಿದ್ದರು. ಬಸವನಹುಳುವಿನ ಚಿಪ್ಪಿನಂಥ ಸುರುಳಿ. ಒಂದು ಪಕ್ಕಕ್ಕೆ ಭಾರ, ತುಂಬುವುದೂ ತಲೆನೋವು. ಯುದ್ಧ ಮುಗಿದ ಮೇಲೆ ಶ್ಮೈಸರ್ ಅದನ್ನು ಬಿಟ್ಟು ನೇರ ಪೆಟ್ಟಿಗೆಗೆ ಬಂದ. ಅದರೊಳಗೆ ಗುಂಡುಗಳು ಎರಡು ಸಾಲಾಗಿ ಕೂರುತ್ತವೆ, ಆದರೆ ಬಾಯಿಗೆ ಬರುವಾಗ ಒಂದೇ ಸಾಲಾಗಬೇಕು. ಯಡವಟ್ಟು ಶುರುವಾಗುವುದು ಇಲ್ಲೇ.

ಹಿಟ್ಟಿನ ಗಿರಣಿಗೆ ಹೋಗಿದ್ದೀರಲ್ವಾ? ಮೇಲಿನ ಅಗಲ ಬಾಯಿಗೆ ರಾಗಿ ಸುರಿಯುತ್ತಾರೆ, ಕೆಳಗೆ ಸಣ್ಣ ತೂತು. ಕಾಳು ಒಂದಕ್ಕೊಂದು ಆನಿಕೊಂಡು ಕಮಾನು ಕಟ್ಟಿ ನಿಂತರೆ ಗಿರಣಿಯವನು ತಗಡಿಗೆ ಎರಡು ಏಟು ಬಡಿಯುತ್ತಾನೆ. ಇನ್ನೂ ಬೇಕಾದರೆ ಜಾತ್ರೆಯ ದಿನದ ಗುಡಿ ಬಾಗಿಲು ನೆನೆಸಿಕೊಳ್ಳಿ: ಎರಡು ಸಾಲಿನ ಜನ ಒಂದೇ ಬಾಗಿಲಿಗೆ ಬಂದಾಗ ಹಿಂದಿನವರು ಜೋರಾಗಿ ತಳ್ಳಿದಷ್ಟೂ ಮುಂದಿನವರು ಬಾಗಿಲ ಚೌಕಟ್ಟಿಗೆ ಒತ್ತಿಕೊಳ್ಳುತ್ತಾರೆ, ಯಾರೂ ಒಳಗೆ ಹೋಗುವುದಿಲ್ಲ. ಮ್ಯಾಗಜೀನಿನ ಸ್ಪ್ರಿಂಗ್ ಮಾಡುವುದೂ ಇದನ್ನೇ. ಒತ್ತಡ ಅಕ್ಕಪಕ್ಕದ ಗೋಡೆಗೆ ತಿರುಗುತ್ತದೆ, ತಿಕ್ಕಾಟ ಜಾಸ್ತಿಯಾಗುತ್ತದೆ. ಜೊತೆಗೆ ಒಂದು ಚೂರು ಮಣ್ಣು ಸೇರಿದರೆ ಸಾಕು.

ಬ್ರಿಟಿಷರು 1941ರಲ್ಲಿ ಅವಸರದಲ್ಲಿ ಸ್ಟೆನ್ ಗನ್ ಮಾಡಿದಾಗ ಇದೇ ಜರ್ಮನ್ ಡಬ್ಬಿಯನ್ನು ನಕಲು ಹೊಡೆದರು, ರೋಗವೂ ಜೊತೆಗೇ ಬಂತು. 32 ಗುಂಡು ಹಿಡಿಯುತ್ತಿದ್ದರೂ ಅನುಭವಸ್ಥರು 28–30ಕ್ಕೇ ನಿಲ್ಲಿಸುತ್ತಿದ್ದರು. ಬರಿಗೈಯಲ್ಲಿ ತುಂಬಿದರೆ ಹೆಬ್ಬೆರಳಿನ ಗತಿ ಮುಗಿಯಿತು, ಅದಕ್ಕೇ ಒಂದು ಬೇರೆ ಸಾಧನ ಕೊಟ್ಟಿದ್ದರು. ಡಬ್ಬಿಯ ಬಾಯಿಯ ಎರಡು ಮಡಿಕೆಗಳೇ ಗುಂಡು ಯಾವ ಕೋನದಲ್ಲಿ ಏಳಬೇಕು ಅಂತ ತೀರ್ಮಾನಿಸುವುದು. ಅವು ಸ್ವಲ್ಪ ಸೊಟ್ಟಗಾದರೂ ಗನ್ ನಿಂತಿತು. ಪಕ್ಕಕ್ಕೆ ಚಾಚಿದ ಡಬ್ಬಿಯನ್ನೇ ಹಿಡಿಕೆ ಮಾಡಿಕೊಂಡವರು ಅದನ್ನು ಅಲ್ಲಾಡಿಸಿ ಇನ್ನಷ್ಟು ಕೆಡಿಸುತ್ತಿದ್ದರು. 1942ರ ಮೇ 27ರಂದು ಪ್ರಾಗ್‌ನಲ್ಲಿ ನಾಜಿ ಅಧಿಕಾರಿ ಹೈಡ್ರಿಕ್‌ನನ್ನು ಕೊಲ್ಲಲು ಹೋದ ಯೋಸೆಫ್ ಗಾಬ್ಚಿಕ್ ಹಿಡಿದ ಸ್ಟೆನ್ ಹಾರಲೇ ಇಲ್ಲ, ಕೊನೆಗೆ ಜೊತೆಗಾರ ಯಾನ್ ಕುಬಿಶ್ ಎಸೆದ ಬಾಂಬೇ ಕೆಲಸ ಮಾಡಿತು. ಕಾರಣದ ಬಗ್ಗೆ ವಾದ ಇದೆ, ಆ ಪಾಪವನ್ನೂ ಡಬ್ಬಿಯ ತಲೆಗೆ ಕಟ್ಟಲು ನಾನು ತಯಾರಿಲ್ಲ.

ತಮಾಷೆ ಏನು ಗೊತ್ತಾ? ಜರ್ಮನರ ಎಂಪಿ-40ನ್ನು ಎಲ್ಲರೂ 'ಶ್ಮೈಸರ್' ಅಂತಲೇ ಕರೆದರು. ಅದು ಅವನ ಗನ್ನೇ ಅಲ್ಲ, ಎರ್ಮಾ ಕಂಪನಿಯದು. ಅವನ ಹೆಸರು ಇದ್ದದ್ದು ಡಬ್ಬಿಯ ಮೇಲೆ, ಪೇಟೆಂಟ್ ಗುರುತಾಗಿ!

ಡಬ್ಬಿಯ ಈ ರೋಗಕ್ಕೆ ಮದ್ದು ಇರಲಿಲ್ಲವಾ? ಇತ್ತು. ಎರಡು ಸಾಲನ್ನು ಒಂದು ಮಾಡಲೇಬೇಡಿ. ಎಡದಿಂದ ಒಂದು, ಬಲದಿಂದ ಒಂದು ಬರಲಿ. ಅಮೆರಿಕದ ಥಾಂಪ್ಸನ್ ಗನ್ನಿನ ಪೆಟ್ಟಿಗೆ ಹಾಗೇ ಇತ್ತು. ಆದರೆ ಅದೇ ಅಮೆರಿಕನ್ನರು ಯುದ್ಧದ ನಡುವೆ ಅಗ್ಗದ ಎಂ-3 ಮಾಡುವಾಗ ಮತ್ತೆ ಒಂದೇ ಸಾಲಿನ ಬಾಯಿಗೆ ಹೋದರು. ಗುಂಡು ಯಾವಾಗಲೂ ನಡುಮಧ್ಯದಿಂದಲೇ ಬಂದರೆ ಗನ್ ಮಾಡುವುದು ಸುಲಭ, ಅದಕ್ಕೆ. ರಷ್ಯನ್ನರ ಡ್ರಮ್ ಕಥೆ ಬೇರೆ: ಒಂದು ಗನ್ನಿಗೆ ಕೂತ ಡ್ರಮ್ ಇನ್ನೊಂದಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಮುತ್ತಿಗೆಯೊಳಗಿದ್ದ ಲೆನಿನ್‌ಗ್ರಾಡಿನಲ್ಲಿ ಸುದಾಯೆವ್‌ನ ಪಿಪಿಎಸ್ ಗನ್ ತಯಾರಾಗತೊಡಗಿತು. ಡ್ರಮ್ ಇಲ್ಲ, ಬಾಗಿದ ಪೆಟ್ಟಿಗೆ, ಎರಡು ಸಾಲು ಎರಡಾಗಿಯೇ ಮೇಲೆ ಬರುತ್ತವೆ. ಹಸಿದ ಊರಿನವರು ಶ್ರೀಮಂತ ದೇಶಕ್ಕಿಂತ ಒಳ್ಳೆ ಡಬ್ಬಿ ಮಾಡಿದರು!

ಬಾಗು ಯಾಕೆ? 9 ಎಂಎಂ ಗುಂಡಿನ ಹಿತ್ತಾಳೆ ಕೊಳವೆ ಬುಡದಲ್ಲಿ ಬಾಯಿಗಿಂತ ಕಾಲು ಮಿಲಿಮೀಟರ್ ಚಿಲ್ಲರೆ ದಪ್ಪ. ಬಾವಿ ಕಟ್ಟುವ ಕಲ್ಲನ್ನು ನೋಡಿ, ಒಂದು ಕಡೆ ಅಗಲ, ಒಂದು ಕಡೆ ಕಿರಿದು, ಜೋಡಿಸುತ್ತ ಹೋದರೆ ತಾನಾಗೇ ಸುತ್ತು ಬರುತ್ತದೆ. ಮೂವತ್ತು ಗುಂಡು ಪೇರಿಸಿದರೂ ಹಾಗೇ. ನೇರ ಡಬ್ಬಿಗೆ ತುರುಕಿದರೆ ಅವು ಒಳಗೇ ಜಗಳಕ್ಕೆ ಬೀಳುತ್ತವೆ.

ಬ್ರಿಟಿಷರಿಗೆ ಬುದ್ಧಿ ಬಂದದ್ದು ಗನ್ ವಿನ್ಯಾಸಕಾರ ಜಾರ್ಜ್ ಪ್ಯಾಚೆಟ್‌ನಿಂದ. ಅವನ ಸ್ಟರ್ಲಿಂಗ್ 1953ರಲ್ಲಿ ಸೈನ್ಯಕ್ಕೆ ಬಂತು. ಬಾಗಿದ 34 ಗುಂಡಿನ ಡಬ್ಬಿ, ಎರಡು ಕಡೆಯಿಂದ ಬರುವ ಗುಂಡು, ಕೆಳಗಿನಿಂದ ತಳ್ಳಲು ತಗಡಿನ ತಟ್ಟೆಯ ಬದಲು ಎರಡು ಪುಟ್ಟ ರೋಲರ್. ಮಣ್ಣಿದ್ದರೂ ಉರುಳಿಕೊಂಡು ಹೋಗುತ್ತವೆ. ಅದೇ ಗನ್ ಕಾನ್ಪುರದಲ್ಲಿ '1ಎ1 ಕಾರ್ಬೈನ್' ಅಂತ ತಯಾರಾಗಿ ನಮ್ಮ ಪೊಲೀಸರ ಹೆಗಲಿಗೂ ಬಂತು. ನಾವು ಮಾತ್ರ ಅದನ್ನೂ 'ಸ್ಟೆನ್‌ಗನ್' ಅಂತಲೇ ಕರೆದೆವು. ಎರಡರಲ್ಲೂ ಡಬ್ಬಿ ಎಡಗಡೆಗೇ ಚಾಚಿರುತ್ತದೆ, ನಿಜ. ಆದರೆ ಸ್ಟೆನ್ನಿನದು ನೆಟ್ಟಗಿದೆ, ಇದರದು ಬಾಳೆಹಣ್ಣಿನ ಹಾಗೆ ಬಾಗಿದೆ.