ಶಿರಾಡಿ ಏರುವಾಗ ಕರಗುವ ಕಿಲೋಮೀಟರುಗಳು

ಹಾಸನದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಎಲೆಕ್ಟ್ರಿಕ್ ಕಾರನ್ನು ನಮ್ಮ ವರ್ಕ್‌ಶಾಪಿಗೆ ತಂದು, ‘ಬ್ಯಾಟರಿ ಕೆಟ್ಟಿದೆ, ನೋಡಿ ಹೇಳಿ’ ಎಂದರು. ಮಂಗಳೂರಿನಲ್ಲಿರುವ ಮಗಳ ಮನೆಗೆ ಹಾಸನದಿಂದ ಸುಮಾರು 170 ಕಿ.ಮೀ. ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಟವರಿಗೆ ಅಲ್ಲಿ ತಲುಪಿದಾಗ ಇನ್ನೂ ಶೇ 32ರಷ್ಟು ಚಾರ್ಜ್ ಉಳಿದಿತ್ತು. ರಾತ್ರಿ ಅಲ್ಲೇ ಮತ್ತೆ ಪೂರ್ತಿ ತುಂಬಿಸಿದರು. ಬೆಳಿಗ್ಗೆ ಡಿಸ್‌ಪ್ಲೇಯಲ್ಲಿ 250 ಕಿ.ಮೀ. ಎಂದು ಕಂಡದ್ದರಿಂದ ಧೈರ್ಯವಾಗಿ ಹೊರಟರು. ಆದರೆ ಗುಂಡ್ಯ ದಾಟಿ ಘಾಟಿ ಏರತೊಡಗಿದ ಮೇಲೆ ಆ ಸಂಖ್ಯೆ ದಾರಿಗಿಂತ ವೇಗವಾಗಿ ಇಳಿಯುತ್ತಾ ಹೋಗಿ, ಹಾಸನದ ಹೊರವಲಯ ಮುಟ್ಟುವಾಗ ಉಳಿದದ್ದು ಶೇ 4 ಮಾತ್ರ. ಹಿಂದಿನ ಸೀಟಿನಲ್ಲಿ ಮೊಮ್ಮಗನನ್ನು ಕೂರಿಸಿಕೊಂಡು ಬಂದ ಅವರ ಆತಂಕ ನನಗೆ ಅರ್ಥವಾಗುತ್ತದೆ.

ಬ್ಯಾಟರಿಯಲ್ಲಿ ದೋಷವೇನೂ ಇರಲಿಲ್ಲ. ಡಿಸ್‌ಪ್ಲೇಯ ಆ ಸಂಖ್ಯೆಯನ್ನು ಬ್ಯಾಟರಿಯ ಅಳತೆಯೆಂದು ನಂಬಿದ್ದೇ ತೊಂದರೆಗೆ ಕಾರಣವಾಗಿತ್ತು. ನಮ್ಮಲ್ಲಿಗೆ ‘ರೇಂಜ್ (ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ) ಬರುತ್ತಿಲ್ಲ’ ಎಂಬ ದೂರಿನೊಂದಿಗೆ ಬರುವ ಕಾರುಗಳಲ್ಲಿ ಹೆಚ್ಚಿನವು ಇಂಥವೇ ಆಗಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಬ್ಯಾಟರಿಯ ಸಾಮರ್ಥ್ಯವನ್ನು ಹೇಳುವುದು ಕಿಲೋವ್ಯಾಟ್ ಅವರ್‌ನಲ್ಲಿ. ಹೆಸರು ಹೊಸದೆನಿಸಿದರೂ ಅಳತೆ ಹೊಸದಲ್ಲ. ಮನೆಯ ಕರೆಂಟ್ ಬಿಲ್ಲಿನಲ್ಲಿ ನಾವು ‘ಯೂನಿಟ್’ ಎನ್ನುವುದು ಇದನ್ನೇ. ಮೇಷ್ಟ್ರ ಕಾರಿನ ಬ್ಯಾಟರಿ 30 ಯೂನಿಟ್‌ನದು. ಆದರೆ ಸೆಲ್‌ಗಳು ಪೂರ್ತಿ ಬರಿದಾಗದಂತೆ, ಅತಿಯಾಗಿ ತುಂಬದಂತೆ ಕಾಯುವ ಸಲುವಾಗಿ ಎರಡೂ ತುದಿಗಳಲ್ಲಿ ಸ್ವಲ್ಪ ಭಾಗವನ್ನು ಬಳಕೆಗೆ ಬಿಡದೆ ಕಾದಿಟ್ಟಿರುತ್ತಾರೆ. ಆದ್ದರಿಂದ ಓಡಿಸಲು ಸಿಗುವುದು ಸುಮಾರು 28 ಯೂನಿಟ್. ಡಿಸ್‌ಪ್ಲೇಯ ಶೇಕಡಾವಾರು ಲೆಕ್ಕ ಈ 28ರದ್ದು.

ಕಿಲೋಮೀಟರ್ ಸಂಖ್ಯೆಯ ಕಥೆ ಬೇರೆ. ಉಳಿದಿರುವ ಯೂನಿಟ್‌ಗಳನ್ನು, ಕಾರು ಇತ್ತೀಚೆಗೆ ಪ್ರತಿ ಕಿಲೋಮೀಟರಿಗೆ ಖರ್ಚು ಮಾಡಿದ ವಿದ್ಯುತ್ತಿನಿಂದ ಭಾಗಿಸಿ ತೆಗೆದ ಅಂದಾಜು ಅದು. ಮೇಷ್ಟ್ರು ಮಂಗಳೂರಿಗೆ ಹೋಗುವಾಗ ಖರ್ಚಾದದ್ದು 19 ಯೂನಿಟ್, ಅಂದರೆ ಯೂನಿಟ್‌ಗೆ ಸುಮಾರು 9 ಕಿ.ಮೀ. ಕಾರು ಇದೇ ಲೆಕ್ಕವನ್ನು 28 ಯೂನಿಟ್‌ಗೆ ಹಿಡಿದು 250 ಎಂದು ತೋರಿಸಿತು. ಆ ಒಂಬತ್ತು ಕಿಲೋಮೀಟರ್ ಘಾಟಿ ಇಳಿದ ದಾರಿಯ ಕೊಡುಗೆಯೆಂಬುದು ಆ ಲೆಕ್ಕಕ್ಕೆ ಗೊತ್ತಿಲ್ಲ, ನಾಳೆ ಅದೇ ಘಾಟಿಯನ್ನು ಏರಬೇಕೆಂಬುದೂ ಗೊತ್ತಿಲ್ಲ. ಕೆಲವು ಹೊಸ ಕಾರುಗಳಲ್ಲಿ ನ್ಯಾವಿಗೇಶನ್‌ಗೆ ಊರಿನ ಹೆಸರು ಕೊಟ್ಟರೆ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಆ ಸೌಲಭ್ಯವಿಲ್ಲದ ಕಡೆ ಲೆಕ್ಕ ನಮ್ಮದೇ.

ಆ ಲೆಕ್ಕವನ್ನು ಮೇಷ್ಟ್ರ ಎದುರಿಗೇ ಜಾಬ್ ಕಾರ್ಡಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಮಂಗಳೂರು ಕಡಲ ದಂಡೆಯಲ್ಲಿದೆ. ಜನ ಮತ್ತು ಸಾಮಾನು ಸೇರಿ 1,800 ಕೆ.ಜಿ. ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು, ದಾರಿ ಸವೆಸುವ ಖರ್ಚನ್ನು ಬಿಟ್ಟು, ನಾಲ್ಕೂವರೆ ಯೂನಿಟ್‌ಗೂ ಹೆಚ್ಚು ಬೇಕು; ಮೋಟಾರಿನಲ್ಲಿ ಸೋರುವುದನ್ನೂ ಸೇರಿಸಿದರೆ ಐದು ಯೂನಿಟ್. ಸಮತಟ್ಟಾದ 170 ಕಿ.ಮೀ.ಗೆ ಅವರ ಕಾರಿಗೆ 22 ಯೂನಿಟ್ ಸಾಕಾಗುತ್ತಿತ್ತು. ಏರಿದ ಐದನ್ನು ಕೂಡಿಸಿದರೆ 27, ಉಳಿಯುವುದು ಒಂದು ಯೂನಿಟ್, ಅಂದರೆ ಶೇ 4. ಡಿಸ್‌ಪ್ಲೇಯಲ್ಲಿ ಕೊನೆಗೆ ಅವರು ಕಂಡದ್ದೂ ಅಷ್ಟೇ. ಇಳಿಯುವಾಗ ಮೋಟಾರು ಜನರೇಟರಿನಂತೆ ತಿರುಗಿ ಬ್ಯಾಟರಿಗೆ ವಿದ್ಯುತ್ತು ಮರಳಿಸುತ್ತದೆಯಾದರೂ ಏರಲು ಕೊಟ್ಟದ್ದೆಲ್ಲ ವಾಪಸು ಬರುವುದಿಲ್ಲ. ಅವರಿಗೆ ಮರಳಿದ್ದು ಸುಮಾರು ಮೂರು ಯೂನಿಟ್.

ಇಲ್ಲಿಯೇ ಇನ್ನೊಂದು ವಿಷಯ ಹೇಳಬೇಕು. ಸಕಲೇಶಪುರದ ಹೋಂಸ್ಟೇಗಳಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ, ಶೇ 100 ಆದ ಕಾರಿನಲ್ಲಿ ನೇರವಾಗಿ ಘಾಟಿ ಇಳಿಯುವವರಿದ್ದಾರೆ. ತುಂಬಿದ ಬ್ಯಾಟರಿಯಲ್ಲಿ ಮರಳಿ ಬರುವ ವಿದ್ಯುತ್ತಿಗೆ ಜಾಗವಿರುವುದಿಲ್ಲ. ಆಗ ಕಾರು ತಾನಾಗಿ ವೇಗ ತಗ್ಗಿಸುವುದು ಕಡಿಮೆಯಾಗಿ, ಕಡಿದಾದ ತಿರುವುಗಳಲ್ಲಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಘಾಟಿಯ ತಲೆಯಲ್ಲಿ ಶೇ 85–90ಕ್ಕೆ ಚಾರ್ಜಿಂಗ್ ನಿಲ್ಲಿಸುವುದು ಕ್ಷೇಮ.

ಜಾಹೀರಾತಿನಲ್ಲಿ ಬರುವ ರೇಂಜ್ ಈ ಯಾವುದಕ್ಕೂ ಸಂಬಂಧಿಸಿದ್ದಲ್ಲ. ನಮ್ಮ ದೇಶದಲ್ಲಿ ಬಹುಕಾಲ ಬಳಕೆಯಲ್ಲಿರುವ ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್ ಪರೀಕ್ಷೆಯಲ್ಲಿ ಕಾರನ್ನು ಪ್ರಯೋಗಾಲಯದ ರೋಲರ್‌ಗಳ ಮೇಲೆ, ಎ.ಸಿ. ಹಾಕದೆ, ಗೊತ್ತುಪಡಿಸಿದ ಕ್ರಮದಲ್ಲಿ ಓಡಿಸುತ್ತಾರೆ. ನಗರದ ಭಾಗದಲ್ಲಿ ವೇಗ ಗಂಟೆಗೆ 50 ಕಿ.ಮೀ. ಮೀರುವುದಿಲ್ಲ, ಹೆದ್ದಾರಿಯ ಭಾಗದಲ್ಲಿ 90 ಮೀರುವುದಿಲ್ಲ. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿ 30.2 ಯೂನಿಟ್ ಬ್ಯಾಟರಿಗೆ 312 ಕಿ.ಮೀ. ಪಡೆದದ್ದು ಇಂಥ ಪರೀಕ್ಷೆಯಲ್ಲಿ. ಅದು ಸುಳ್ಳಲ್ಲ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಅದು ಒಳ್ಳೆಯ ಅಳತೆ, ಪ್ರಯಾಣ ಯೋಜಿಸಲು ಅಲ್ಲ. ಅಷ್ಟೇ ಬ್ಯಾಟರಿಯಿರುವ ಕಾರುಗಳು ನಮ್ಮ ರಸ್ತೆಗಳಲ್ಲಿ 200ರಿಂದ 220 ಕಿ.ಮೀ. ಕೊಟ್ಟರೆ ಅದನ್ನು ಆರೋಗ್ಯವಂತ ಬ್ಯಾಟರಿಯೆಂದೇ ನಾನು ಎಣಿಸುತ್ತೇನೆ.

ವೇಗ ಮತ್ತು ಎ.ಸಿ. ಎರಡೂ ರೇಂಜನ್ನು ತಿನ್ನುತ್ತವೆ, ಆದರೆ ತಿನ್ನುವ ರೀತಿ ಬೇರೆ. ಗಾಳಿಯ ಪ್ರತಿರೋಧ ವೇಗದ ವರ್ಗದಂತೆ ಏರುವುದರಿಂದ 80ರಲ್ಲಿ ಓಡುವ ಕಾರನ್ನು 100ಕ್ಕೆ ಏರಿಸಿದರೆ ಅದು ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಎ.ಸಿ. ನೋಡುವುದು ಗಂಟೆಯನ್ನು, ದೂರವನ್ನಲ್ಲ. ಗಂಟೆಗೆ ಒಂದು ಯೂನಿಟ್ ತೆಗೆದುಕೊಳ್ಳುವ ಎ.ಸಿ. ಹೆದ್ದಾರಿಯಲ್ಲಿ 80 ಕಿ.ಮೀ.ಗೆ ಒಂದು ಯೂನಿಟ್ ಖರ್ಚು ಮಾಡಿದರೆ, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಗಂಟೆಗೆ ಹತ್ತು ಕಿ.ಮೀ. ತೆವಳುವಾಗ ಆ ಹತ್ತಕ್ಕೇ ಒಂದು ಯೂನಿಟ್ ಮುಗಿಸುತ್ತದೆ.

ಹಾಗಾದರೆ ಬ್ಯಾಟರಿ ನಿಜವಾಗಿಯೂ ಸವೆದಿದೆಯೇ ಎಂದು ತಿಳಿಯುವುದು ಹೇಗೆ? ಶೇ 100 ಚಾರ್ಜ್ ಮಾಡಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಶೇ 20ರವರೆಗೆ ಓಡಿಸಿ, ಅಷ್ಟರಲ್ಲಿ ಖರ್ಚಾದ ಯೂನಿಟ್‌ಗಳನ್ನು ನೋಡಿ. ಎಲ್ಲ ಕಾರುಗಳೂ ಯೂನಿಟ್ ಲೆಕ್ಕವನ್ನು ನೇರವಾಗಿ ತೋರಿಸುವುದಿಲ್ಲ; ಹೋದ ದೂರವನ್ನು ಸರಾಸರಿ ಬಳಕೆಯಿಂದ ಗುಣಿಸಿದರೂ ಸಾಕು. ಮೇಷ್ಟ್ರ ಕಾರಿನಲ್ಲಿ ಅದು 22.3 ಬಂತು. ಅದನ್ನು 0.8ರಿಂದ ಭಾಗಿಸಿದರೆ ಸುಮಾರು 28. ಗೋಡೆಯ ಮೀಟರಿನ ಲೆಕ್ಕವನ್ನು ಇದಕ್ಕೆ ಬಳಸಬಾರದು, ಏಕೆಂದರೆ ಚಾರ್ಜ್ ಮಾಡುವಾಗ ಹತ್ತರಲ್ಲಿ ಒಂದು ಪಾಲಿನಷ್ಟು ವಿದ್ಯುತ್ತು ಶಾಖವಾಗಿ ಹೋಗುತ್ತದೆ. ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಮಾದರಿಯದಾಗಿದ್ದರೆ ಇನ್ನೊಂದು ಎಚ್ಚರ ಬೇಕು. ಅದರ ವೋಲ್ಟೇಜ್ ಶೇ 80ರಲ್ಲೂ ಶೇ 40ರಲ್ಲೂ ಹೆಚ್ಚು ವ್ಯತ್ಯಾಸ ತೋರದ ಕಾರಣ, ಬಹಳ ದಿನ ಪೂರ್ತಿ ಚಾರ್ಜ್ ಮಾಡದಿದ್ದರೆ ಉಳಿದ ಶೇಕಡಾವಾರಿನ ಲೆಕ್ಕವೇ ತಪ್ಪಿ, ಶೇ 15 ಇದ್ದದ್ದು ಏಕಾಏಕಿ ಶೇ 6 ಆಗಬಹುದು. ಅಂಥ ಕಾರುಗಳನ್ನು ಕೈಪಿಡಿಯಲ್ಲಿ ಹೇಳಿದ ಅವಧಿಗೊಮ್ಮೆ ಶೇ 100ಕ್ಕೆ ತುಂಬಿಸುವುದನ್ನು ತಪ್ಪಿಸಬೇಡಿ.

ಮೇಷ್ಟ್ರ ಕಾರಿಗೆ ನಾನು ಮಾಡಿದ ರಿಪೇರಿ ಎಂದರೆ ನಾಲ್ಕು ಟೈರುಗಳಿಗೆ ಗಾಳಿ ಹಿಡಿಸಿದ್ದು ಮಾತ್ರ, ಅವು ಐದಾರು ಪಿಎಸ್‌ಐ ಕಡಿಮೆಯಿದ್ದವು. ಮಂಗಳೂರಿನಿಂದ ಬರುವಾಗ ಘಾಟಿ ಏರುವ ಮೊದಲು ಉಪ್ಪಿನಂಗಡಿಯ ಆಸುಪಾಸಿನಲ್ಲಿ ಕಾಫಿಗೆಂದು ನಿಂತು ಅರ್ಧ ಗಂಟೆ ಚಾರ್ಜ್ ಹಾಕಿಸಿಕೊಳ್ಳಲು ತಿಳಿಸಿದೆ. ಮುಂದಿನ ಸಲ ಹಾಗೆಯೇ ಮಾಡಿ, ಮನೆ ತಲುಪಿದ ಮೇಲೆ ಡಿಸ್‌ಪ್ಲೇಯ ಫೋಟೊ ಕಳಿಸಿದರು. ಅದರಲ್ಲಿ ಶೇ 27 ಉಳಿದಿತ್ತು.